ಹೆಸ್ಟರಕ್ಕನ ಕೊನೆಯ ಗೂಟ

ಹೆಸ್ಟರಕ್ಕ,

ಸಮಸ್ತ ಹೆರಿಫರ್ಡ್ ಸೀಮೆಯ ಸಮಕ್ಷಮದಲ್ಲಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ಬ್ರಾಮ್ಲೋ ದೊಡ್ಡಮನೆಯ ಹಜಾರದಿಂದ ಓಕ್ ಮರದ ಗೂಟವೊಂದನ್ನು ಕದ್ದವನು ನಾನೇ. ಉದ್ದ ಒಂದು ಗೇಣು. ಬಚ್ಚಿಟ್ಟ ಸ್ಥಳ, ಕೋಟಿನ ಒಳಜೇಬು.

"ಯಾವ ಕತ್ತೆ ತಿಂತೋ ನನ್ನ ಗೂಟಾನ?" ಎಂದು ಸಾರುವೆಯ ಮೇಲಿಂದ ನೀನು ಗುಡುಗಿದೆ. ಕೆಳಗೆ ಗೋಡೆಗೆ ಸಗಣಿಮಣ್ಣು ಮೆತ್ತುತ್ತಿದ್ದ ಬಡಗಿ ಕ್ಲೆಮ್ ತಲೆಯೆತ್ತಿ, "ನಾನಂತೂ ಬೆಳಗ್ಗೆ ಗಂಜಿ ಕುಡ್ದೇ ಬಂದಿದೀನಿ ತಾಯಿ," ಎಂದ. ನೀನು ನಕ್ಕೆ. ಕೈ ಸೋತಿತ್ತು ನಿನಗೆ. "ನಾಳೆ ಇನ್ನೊಂದು ಕೆತ್ತಿದ್ರಾಯ್ತು ಬಿಡು," ಎಂದು ಕೊಡತಿ ಕೆಳಗಿಟ್ಟೆ. ಆ ನಾಳೆ ಬರಲೇ ಇಲ್ಲ.

ಕದ್ದದ್ದೇಕೆಂದು ಹೇಳಿಬಿಡುತ್ತೇನೆ. ಕೊಳೆತ ಆಸರೆತೊಲೆಯ ಜಾಗಕ್ಕೆ ನೀನು ಕಡೆದ ಹೊಸ ತೊಲೆ ಕಣ್ಣಿಗೆ ಹಬ್ಬವಾಗಿತ್ತು. ಅದರ ತುದಿಯಲ್ಲಿ ಕೆತ್ತಿದ ನಾಲಿಗೆ ಆರುನೂರು ವರ್ಷದ ಕಂಬದ ಬಾಯಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಎರಡನ್ನೂ ಬಿಗಿಯುವ ಗೂಟದ ತೂತು? ನಾಲಿಗೆಯ ತೂತು ಕಂಬದ ತೂತಿಗಿಂತ ಗೋಧಿಕಾಳಿನಷ್ಟು ನಾಲಿಗೆಯ ಬುಡದ ಕಡೆಗಿರಬೇಕು. ಆಗ ಬಡಿದ ಗೂಟ ತೊಲೆಯನ್ನು ಕಂಬದೊಳಕ್ಕೆ ಎಳೆಯುತ್ತದೆ. ನೀನು ತುದಿಯ ಕಡೆಗೆ ಕೊರೆದಿದ್ದೆ. ಬಡಿದಿದ್ದರೆ ಗೂಟ ಹೊರಕ್ಕೆ ತಳ್ಳುತ್ತಿತ್ತು. ನಿನ್ನ ಜೀವಮಾನದಲ್ಲಿ ಅದೇ ಮೊದಲ ಸಲ.

ತಲೆಯೊಳಗೆ ಗಂಟಿದೆಯೆಂದು ಡಾಕ್ಟರು ಹೇಳಿದ ಸಂಜೆ ನೀನು ನನ್ನಿಂದ ಮಾತು ತೆಗೆದುಕೊಂಡಿದ್ದೆ: "ಕೈ ನಡುಗಿದ್ರೆ ನಂಗೇ ಗೊತ್ತಾಗತ್ತೆ ಕಣೋ. ಲೆಕ್ಕ ತಪ್ಪಿದ್ರೆ ಗೊತ್ತಾಗಲ್ಲ. ನೀನು ಹೇಳ್ಬೇಕು. ಅವತ್ತೇ ಉಳಿ ಕೆಳಗಿಡ್ತೀನಿ." ಕಾಲೇಜಿನಲ್ಲಿ ಮಾತು ಮಾರಿಯೇ ಬದುಕಿದ ನನಗೆ ಅದೊಂದು ಮಾತು ಬಾಯಿಗೆ ಬರಲಿಲ್ಲ. ಹೇಳುವ ಬದಲು ಕದ್ದೆ. ನಿನ್ನ ಮಾನ ಉಳಿಸಿದೆನೆಂದುಕೊಂಡೆ. ನಿನ್ನ ಕೊನೆಯ ಪೆಟ್ಟನ್ನೂ ಕದ್ದಿದ್ದೇನೆಂದು ತಿಳಿದದ್ದು ಆಮೇಲೆ.

ಆಸ್ಪತ್ರೆಯಲ್ಲಿ, ನಮ್ಮ ಹೆಸರುಗಳೇ ನಿನಗೆ ಜಾರಿಹೋಗುತ್ತಿದ್ದ ದಿನಗಳಲ್ಲಿ, ನೀನು ಕೇಳಿದ್ದು ಒಂದೇ: "ಗೂಟ ಎಳೀತಾ?"

"ಎಳೀತು ಅಕ್ಕ. ಸಂದಿನಲ್ಲಿ ಕೂದಲೂ ತೂರಲ್ಲ," ಎಂದೆ. ನೀನು ನೆಮ್ಮದಿಯಿಂದ ಕಣ್ಣು ಮುಚ್ಚಿಕೊಂಡೆ.

ನಿನ್ನನ್ನು ಮಣ್ಣು ಮಾಡಿದ ದಿನ ಎಲ್ಲರ ಕಣ್ಣಲ್ಲೂ ಕಂಬನಿ. ನನ್ನ ತಲೆಯಲ್ಲಿ ಮಾತ್ರ ಕಂಬ. ಶುಕ್ರವಾರ ಸಾರುವೆ ಬಿಚ್ಚುವವರಿದ್ದರು. ಅಷ್ಟರೊಳಗೆ ಆ ಸುಳ್ಳು ನಿಜವಾಗಬೇಕಿತ್ತು.

ಆದ್ದರಿಂದ ಹೆಮ್ಮೆಯಿಂದ ತಿಳಿಸುತ್ತೇನೆ: ನಿನ್ನ ತೂತಿಗೆ ಓಕ್ ತುಂಡು ತುಂಬಿ, ನಿನ್ನದೇ ಬೈರಿಗೆಯಿಂದ ಹೊಸ ತೂತು ಕೊರೆದವನು ನಾನು. ಕ್ಲೆಮ್‌ನನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. "ಮೂವತ್ತು ವರ್ಷ ಹುಡುಗರನ್ನ ಕೊರೆದೋರು ಮೇಷ್ಟ್ರು, ಮರ ಯಾವ ಲೆಕ್ಕ ಬಿಡಿ!" ಎಂದು ಅವನು ಏಣಿ ಹಿಡಿದು ನಿಂತ. ಕದ್ದ ಗೂಟವನ್ನೇ ಬಡಿದೆ. ನಿನ್ನ ಕೊಡತಿಯ ಸದ್ದು ಹಜಾರದಲ್ಲಿ ಮತ್ತೆ ಕೇಳಿತು.

ಈಗ ಅದು ಬಿಗಿಯಾಗಿದೆ, ಅಕ್ಕ. ನಿಜವಾಗಿಯೂ ಕೂದಲು ತೂರುವುದಿಲ್ಲ. ಇನ್ನು ಹಾಯಾಗಿ ಮಲಗು. ನಿನ್ನ ಮೇಲಿನ ಮಣ್ಣು ಹಗುರವಾಗಿರಲಿ.

ನಿನ್ನ ತಮ್ಮ,
ಹಂಫ್ರಿ

ಸಹಿ ಹಾಕಿದ ಮೇಲೂ ಮನಸ್ಸು ತಡೆಯುತ್ತಿಲ್ಲ. ಕೊನೆಗೆ ಮತ್ತೆ ಕೊರೆದು ಬಿಗಿ ಮಾಡಿದ್ದು ಕ್ಲೆಮ್. ನಾನು ಬಡಿದಾಗ ಸಂದು ಉಗುರು ತೂರುವಷ್ಟು ಬಾಯಿ ಬಿಟ್ಟಿತು. ನಾನೂ ತುದಿಯ ಕಡೆಗೇ ಕೊರೆದಿದ್ದೆ, ಅಕ್ಕ. ನನ್ನ ತಲೆಯಲ್ಲಿ ಗಂಟೂ ಇಲ್ಲ.