ನನ್ನ ಆಕಾಶಕ್ಕೆ ಮೊಹರು ಒತ್ತಿದವರಿಗೆ

ಮಾನ್ಯ ಪ್ರಾಂಶುಪಾಲರೇ,

ಜಲವರ್ಣದ ಅಂತಿಮ ಪರೀಕ್ಷೆಯಲ್ಲಿ ನನ್ನನ್ನು ಫೇಲ್ ಮಾಡಿದ್ದು ನನ್ನ ಕೈಯಲ್ಲ, ಕಣ್ಣಲ್ಲ, ನಿಮ್ಮ ಕಲಾ ಕಾಲೇಜಿನ ಮೊಹರು. ಕಚೇರಿಗೆ ಕೊಟ್ಟ ಮನವಿಗಳು ಯಾವ ಡ್ರಾಯರಿನಲ್ಲಿ ಸುಖನಿದ್ರೆ ಮಾಡುತ್ತಿವೆಯೋ ತಿಳಿಯದು. ಆದ್ದರಿಂದ ಈ ಸಲ ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಹೊರಗಿನವರಿಗಾಗಿ ನಿಯಮವನ್ನು ಹೇಳಿಬಿಡುತ್ತೇನೆ. ಪರೀಕ್ಷೆಗೆ ಬಳಸುವ ಕಾಗದ, ಬಣ್ಣ, ಕುಂಚ ಎಲ್ಲವನ್ನೂ ಕಾಲೇಜಿನ ಮಳಿಗೆಯಲ್ಲೇ ಕೊಳ್ಳಬೇಕು. ಕಾಗದದ ಮೂಲೆಯಲ್ಲಿ ಮಳಿಗೆಯ ದುಂಡು ಮೊಹರು ಇರಲೇಬೇಕು. ಇದು ಗುಣಮಟ್ಟ ಕಾಪಾಡುವುದಕ್ಕಂತೆ. ಯಾರ ಗುಣಮಟ್ಟ? ಆ ಮಳಿಗೆ ತೆರೆಯುವುದು ನಮಗೆ ತರಗತಿ ಇರುವಾಗ, ಮುಚ್ಚುವುದು ನಮಗೆ ಬಿಡುವಾದಾಗ. ತರಗತಿ ತಪ್ಪಿಸಿ ಓಡಿದರೂ ಬೇಕಾದದ್ದು ಸಿಕ್ಕೀತೆಂಬ ಭರವಸೆಯಿಲ್ಲ.

"ಬಿಳಿ ಬಿಡಿಯಾಗಿ ಕೊಡಲ್ಲಮ್ಮ. ಪೂರ್ತಿ ಡಬ್ಬಿ ತಗೋ," ಎನ್ನುತ್ತಾರೆ ಮಳಿಗೆಯವರು.

"ಡಬ್ಬೀಲಿ ಬಿಳಿ ಒಂದೇ ಇರೋದು ಅಣ್ಣ. ಮಿಕ್ಕಿದ್ದೆಲ್ಲ ಬರೀ ಕಂದು."

"ಕಂದೂ ಬಣ್ಣಾನೇ ಅಲ್ವಾ?"

ಹೀಗೆ ಬಿಳಿಯ ಆಸೆಗೆ ಕೊಂಡ ಕಂದು ಟ್ಯೂಬುಗಳೆಲ್ಲ ನನ್ನ ಜೊತೆಗೇ ಗಂಡನ ಮನೆ ಸೇರಿದವು. ಕಪಾಟು ತೆರೆದ ನನ್ನವರು ನಿಂತಲ್ಲೇ ನಕ್ಕರು. "ಇಷ್ಟೊಂದು ಕಂದು ಇಟ್ಕೊಂಡು ಏನೇ ಮಾಡ್ತೀಯ? ಕುದುರೆ ಲಾಯ ತೆಗೆಯೋಣ್ವಾ?" ಒಳಗಿನಿಂದ ಅತ್ತೆಯ ದನಿ: "ಹಿತ್ತಿಲ ಬಾಗಿಲಿಗಾದ್ರೂ ಬಳಿಯಮ್ಮ, ಬಣ್ಣ ಹೋಗಿ ಎಷ್ಟ್ ವರ್ಷ ಆಯ್ತು!"

ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಕಡಲತೀರದ ಊರಿಗೆ ಹೋದೆವು. ಬೇರೆ ಜೋಡಿಗಳು ಮರಳಿನ ಮೇಲೆ ಹೆಸರು ಬರೆಯುತ್ತಿದ್ದರೆ, ನಾವು ಚಿತ್ರಸಾಮಗ್ರಿಯ ಅಂಗಡಿಗಳನ್ನು ಹುಡುಕಿ ಅಲೆಯುತ್ತಿದ್ದೆವು. ಕೊನೆಗೆ ಒಂದು ಕಡೆ, ಮೆಟ್ಟಿಲ ಕೆಳಗಿನ ಕತ್ತಲೆ ಅಂಗಡಿಯಲ್ಲಿ, ಹತ್ತಿಯಿಂದ ಮಾಡಿದ ಕಾಗದ ಸಿಕ್ಕಿತು. ಅದೆಂಥ ಕಾಗದ! ಎಷ್ಟು ನೀರು ಕುಡಿಸಿದರೂ ಸುಕ್ಕಾಗದ, ಉಜ್ಜಿದರೂ ಮೈ ಸುಲಿಯದ ಕಾಗದ. ರೈಲಿನಲ್ಲಿ ಅದು ಮಡಚಿಹೋಗದಿರಲಿ ಎಂದು ನನ್ನವರು ತಮ್ಮ ಸೀಟನ್ನು ಅದಕ್ಕೆ ಬಿಟ್ಟುಕೊಟ್ಟು ದಾರಿಯುದ್ದಕ್ಕೂ ನಿಂತೇ ಬಂದರು. "ಇದೂ ನಮ್ಮನೆ ಸೊಸೇನೇ ಕಣೇ," ಎಂದರು. ಇಂಥ ಗಂಡ ಎಲ್ಲರಿಗೂ ಸಿಗಲಿ, ನಿಮ್ಮ ಹೆಣ್ಣುಮಕ್ಕಳಿಗೂ ಸಿಗಲಿ!

ಗುಣ ಕಂಡರೆ ಮೊಹರಿಲ್ಲದಿದ್ದರೂ ಬಿಟ್ಟಾರು ಎಂದು ಪರೀಕ್ಷೆಗೆ ಅದನ್ನೇ ಒಯ್ದೆ. ಬಾಗಿಲಲ್ಲಿದ್ದ ಮೇಲ್ವಿಚಾರಕರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಬಹಳ ಚೆನ್ನಾಗಿದೆ. ಮೊಹರೆಲ್ಲಿ?"

"ಹೊರಗಿಂದ ತಂದಿದ್ದು ಸರ್."

"ಹಾಗಾದ್ರೆ ಹೊರಗೇ ಇರ್ಲಿ."

ಮಳಿಗೆಯ ಹಾಳೆಯೊಂದು ನನ್ನ ಕೈಗೆ ಬಂತು. ಜಲವರ್ಣಕ್ಕೆ ಮೊದಲು ಕಾಗದವನ್ನು ನೆನೆಸಬೇಕು. ಅದು ನಿಮ್ಮಲ್ಲೇ ಕಲಿಸಿದ ಮೊದಲ ಪಾಠ. ನೆನೆಸಿದೆ. ಮೇಲಿನ ಮೂಲೆಯ ಮೊಹರು ಕರಗಿತು. ನೇರಳೆ ಶಾಯಿ ಕಾಲೇಜಿನ ಹೆಸರು, ಧ್ಯೇಯವಾಕ್ಯ ಎಲ್ಲವನ್ನೂ ಹೊತ್ತುಕೊಂಡು ನನ್ನ ಮುಂಜಾನೆಯ ಆಕಾಶಕ್ಕೆ ಇಳಿಯಿತು. ಒರೆಸಿದಷ್ಟೂ ಹರಡಿತು. ಗೆಳತಿಯರು ಮನೆಯಲ್ಲೇ ಮೊಹರಿನ ಮೇಲೆ ಮೇಣ ಸವರಿಕೊಂಡು ಬಂದಿದ್ದರಂತೆ. ನಿಮ್ಮ ನಿಯಮದಿಂದ ಚಿತ್ರವನ್ನು ಕಾಪಾಡಿಕೊಳ್ಳುವುದೇ ಇಲ್ಲಿ ಎಲ್ಲರೂ ಗುಟ್ಟಾಗಿ ಕಲಿಯುವ ಕಲೆ. ಬಾಗಿಲಲ್ಲಿ ಹಾಳೆ ಪಡೆದ ನನಗೆ ಅದಕ್ಕೂ ಪುರಸೊತ್ತಿರಲಿಲ್ಲ.

ಪರೀಕ್ಷಕರ ಷರಾ: "ಆಕಾಶದಲ್ಲಿ ಅಕಾರಣ ನೇರಳೆ. ಅನುತ್ತೀರ್ಣ."

ಅಕಾರಣವೇ, ಮಾನ್ಯರೇ? ನೀರಿನಲ್ಲಿ ಬರೆಯುವ ಚಿತ್ರದ ಕಾಗದಕ್ಕೆ ನೀರಿನಲ್ಲಿ ಕರಗುವ ಶಾಯಿ ಒತ್ತಿಸಿದ ಬುದ್ಧಿ ಯಾರದು? ಈಜುಕೊಳಕ್ಕೆ ಉಪ್ಪಿನ ಗೋಡೆ ಕಟ್ಟಿಸುವವರದೇ? ನನ್ನ ಪದವಿ ಅಲ್ಲಿಗೆ ನಿಂತಿದೆ. ನಾನು ಚಿತ್ರಕಲಾ ಶಿಕ್ಷಕಿಯಾಗಿ ಸೇರಬೇಕಿದ್ದ ಶಾಲೆಯವರು "ಪಾಸಾದ ಮೇಲೆ ಬನ್ನಿ" ಎಂದಿದ್ದಾರೆ. ಅವರೇನು ನನಗಾಗಿ ಕೊನೆತನಕ ಕಾಯುತ್ತಾರೆಯೇ?

ಈಗ ಸಂತೋಷದ ಸುದ್ದಿ. ನಿವೃತ್ತರಾಗಲಿರುವ ಪ್ರಾಂಶುಪಾಲರ ಭಾವಚಿತ್ರವನ್ನು ಅಂತಿಮ ವರ್ಷದವರಲ್ಲೊಬ್ಬರು ಬರೆಯುವುದು ನಮ್ಮಲ್ಲಿ ರೂಢಿ. ಪರೀಕ್ಷೆಗೆ ಮೊದಲೇ ಚೀಟಿ ಎತ್ತಿದಾಗ ಆ ಭಾಗ್ಯ ನನ್ನದಾಗಿತ್ತು. ಫಲಿತಾಂಶ ಬಂದ ಮೇಲೆ ಶ್ರದ್ಧೆಯಿಂದ ಬರೆದು ಮುಗಿಸಿದೆ. ನಿಯಮ ಮುರಿಯಲಿಲ್ಲ, ಕಾಗದವೂ ಬಣ್ಣವೂ ನಿಮ್ಮ ಮಳಿಗೆಯವೇ. ಸಭಾಂಗಣದಲ್ಲಿ ತೂಗುಹಾಕಿದ ದಿನ "ಜೀವಕಳೆ ಬಂದಿದೆ" ಎಂದು ನೀವೇ ಮೆಚ್ಚಿದಿರಿ. ನಿಜ, ಬಂದಿತ್ತು. ಆದರೆ ನಿಮ್ಮ ಮಳಿಗೆಯ ಕೆಂಪು ಬಿಸಿಲು ತಡೆಯುವುದಿಲ್ಲ, ಎಲ್ಲಕ್ಕಿಂತ ಮೊದಲು ಹಾರಿಹೋಗುವುದೇ ಅದು. ಈಗ ನಿಮ್ಮ ತುಟಿ ಹೋಗಿದೆ. ಕೆನ್ನೆ ಹೊರಟು ನಿಂತಿದೆ. ಕಸ ಗುಡಿಸುವ ಅಮ್ಮ ನಿನ್ನೆ ನನ್ನನ್ನು ಕರೆದು ಕೇಳಿದರು: "ಸಾಹೇಬ್ರಿಗೆ ಹುಷಾರಿಲ್ವೇನಮ್ಮ?" ಎಷ್ಟು ಖುಷಿಯಾಯಿತೆಂದರೆ, ಮನೆಗೆ ಹೋದವಳೇ ನನ್ನವರ ಎರಡೂ ಕೈ ಹಿಡಿದು ಕುಣಿದುಬಿಟ್ಟೆ!

ನನ್ನ ಬೇಡಿಕೆ ಇಷ್ಟೇ. ಮೊಹರಿನ ನಿಯಮ ರದ್ದಾಗಲಿ. ವಿದ್ಯಾರ್ಥಿಗಳು ತಮಗೆ ಒಳ್ಳೆಯದು ಸಿಗುವಲ್ಲಿ ಕೊಳ್ಳಲಿ. ನೀವು ಕುರ್ಚಿ ಬಿಡುವ ಮುನ್ನ ನನಗೆ ಮರುಪರೀಕ್ಷೆ ನಡೆಯಲಿ. ನಡೆಸಿದರೆ ನಿಮ್ಮ ಮುಖಕ್ಕೆ ಬಾಳುವ ಬಣ್ಣದಲ್ಲಿ ಮತ್ತೆ ರಕ್ತ ತುಂಬಿಕೊಡುತ್ತೇನೆ. ಅದರ ಬದಲು ಚಿತ್ರವನ್ನೇ ಇಳಿಸಿಬಿಡೋಣ ಎಂದುಕೊಂಡಿರಾ? ಇಳಿಸಿ. ಮಳಿಗೆಯ ಬಣ್ಣ ಕಳಪೆಯೆಂದು ನೀವೇ ಒಪ್ಪಿಕೊಂಡಂತಾಗುತ್ತದೆ. ಒಪ್ಪುವ ಮನಸ್ಸಿಲ್ಲವಾದರೆ ಅಲ್ಲೇ ಇರಲಿ. ಎದುರಿನ ಕಿಟಕಿಯ ಪರದೆಯನ್ನು ದಿನವೂ ಬೆಳಿಗ್ಗೆ ಪೂರ್ತಿ ಸರಿಸಿ ಹೋಗುತ್ತಿರುವವಳು ನಾನೇ.

ಇಂತಿ,
ಪದವಿಯಿಲ್ಲದೆ, ಮೋಡವಿಲ್ಲದ ದಿನಗಳನ್ನೇ ಹಾರೈಸುತ್ತಿರುವ
ನಿಮ್ಮ ಭಾವಚಿತ್ರಕಾರ್ತಿ