ಹುಲಿಗೆವ್ವ ಮತ್ತೆ ಬೈದ ಸಂಜೆ

ಇಸವಿ ೨೨೧೪, ಕೆಂಡದ ತಿಂಗಳ ನಲವತ್ತನೆಯ ದಿನ

ಮಕ್ಕಳ ವಾರ್ಡಿನ ಹೊರಗೆ ಕೂತಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲಕ್ಕೆ ಬೇಸಿಗೆ ಹಿಗ್ಗಿತು, ಅದಕ್ಕೆ ತಿಂಗಳನ್ನೂ ಹಿಗ್ಗಿಸಿಕೊಂಡೆವು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ; ನಿಮ್ಮ ಕಾಲದ ಕನ್ನಡವನ್ನು ನಾನು ಮುದುಕಿಯರು ಹೇಳಿದ ಕಥೆಗಳಿಂದ ಕಲಿತವನು.

ರಕ್ತದ ಕ್ಯಾನ್ಸರ್ ನಮ್ಮಲ್ಲೂ ಮಕ್ಕಳಿಗೆ ಬರುತ್ತದೆ. ಹೆಚ್ಚಿನವರು ಗುಣವಾಗುತ್ತಾರೆ, ಎಲ್ಲರೂ ಅಲ್ಲ. ಚಿಕಿತ್ಸೆ ನಡೆಯುವಷ್ಟು ದಿನ ಮನೆಮಂದಿಯೆಲ್ಲ ‘ತಂಗುಮನೆ’ಗೆ ಬಂದು ನೆಲೆಸುತ್ತಾರೆ. ಅದು ಆಸ್ಪತ್ರೆಗೆ ಅಂಟಿಕೊಂಡ ಒಂದು ಓಣಿ. ಅಲ್ಲಿನ ಗೋಡೆಗಳು ಗಾಳಿಯನ್ನು ಸೋಸುತ್ತವೆ. ಹಾಗಾಗಿ ಮುಖಕ್ಕೆ ಬಟ್ಟೆ ಕಟ್ಟದೆ ಮಗುವನ್ನು ಅಪ್ಪಿಕೊಳ್ಳಬಹುದು. ಸೂಜಿಯಿಲ್ಲ, ಔಷಧಿಯನ್ನು ಎಲೆಯಂತೆ ತೋಳಿಗೆ ಅಂಟಿಸುತ್ತಾರೆ. ಕೂದಲು ಮಾತ್ರ ಈಗಲೂ ಉದುರುತ್ತದೆ. ಬೆಳಿಗ್ಗೆ ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು. ಸಂಜೆ ನಾನು ಹೋಗಿ ಕಥೆ ಹೇಳುತ್ತೇನೆ. ಅದೇ ನನ್ನ ನೌಕರಿ.

ಇಷ್ಟೆಲ್ಲ ಕಲಿತ ನಾವು ಒಂದನ್ನು ಕಲಿಯಲಿಲ್ಲ. ಕಾಯಿಲೆಯ ಹೆಸರು ಕೇಳಿದ ದಿನವೇ ಮನೆಯವರೆಲ್ಲ ಸಕ್ಕರೆಯಾಗಿಬಿಡುತ್ತಾರೆ. ನಮ್ಮ ವೈದ್ಯರು ಇದನ್ನು ‘ಸವಿಮೌನ’ ಎನ್ನುತ್ತಾರೆ: ಬಾಯ ತುಂಬ ಸವಿಮಾತು, ಒಳಗಿನ ಹೆದರಿಕೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಏಳು ವರ್ಷದ ಮಧುರಾಳ ಮನೆಯಲ್ಲೂ ಹೀಗೇ ಆಯಿತು. ಅವಳ ಅಜ್ಜಿ ಹುಲಿಗೆವ್ವ ಬೈಗುಳಕ್ಕೆ ಹೆಸರಾದವಳು. ಕೋಳಿ, ಸೊಸೆ, ಮಳೆ, ಯಾರನ್ನೂ ಬಿಟ್ಟವಳಲ್ಲ. ತಂಗುಮನೆಗೆ ಬಂದ ಮೇಲೆ ‘ನನ್ನ ಬಂಗಾರ’ ಬಿಟ್ಟರೆ ಬೇರೆ ಮಾತಿಲ್ಲ. ಮಧುರಾ ಹಾಲು ಚೆಲ್ಲಿದಳು, ಅಜ್ಜಿ ನಕ್ಕಳು. ಬೇಕೆಂದೇ ಅಜ್ಜಿಯ ಕನ್ನಡಕ ಮುರಿದಳು, ಅಪ್ಪ ಶರಣಪ್ಪ “ಇರ್ಲಿ ಬಿಡವ್ವಾ” ಎಂದ. ಆಮೇಲೆ ಹುಡುಗಿ ಉಣ್ಣುವುದನ್ನೇ ಬಿಟ್ಟಳು. ಔಷಧಿಯ ಎಲೆಯನ್ನು ಕಿತ್ತೆಸೆದಳು. ಹೀಗೇ ಆದರೆ ಚಿಕಿತ್ಸೆಯನ್ನು ಮೈ ತಡೆದುಕೊಳ್ಳುವುದಿಲ್ಲ ಎಂದು ವೈದ್ಯರು ಹೆದರಿದರು.

ಒಂದು ಸಂಜೆ ನಾನು ಕಥೆ ಶುರು ಮಾಡುವಷ್ಟರಲ್ಲಿ ಅವಳು ಅಜ್ಜಿಯನ್ನು ಕೇಳಿದಳು: “ಆಯಿ, ನನಗ್ಯಾಕ ಬೈಯವಲ್ಲಿ? ನಾ ಸಾಯ್ತೀನಿ, ಹೌದಿಲ್ಲೋ?”

ಶರಣಪ್ಪ ಗೋಡೆಯ ಕಡೆ ತಿರುಗಿದ. ಹುಲಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಸೊಂಟಕ್ಕೆ ಕೈ ಇಟ್ಟಳು.

“ಏ ಮಂಗ್ಯಾನಂಥಾಕಿ, ನಿನ್ನ ರಕ್ತಕ್ಕ ಕೆಟ್ಟ ರೋಗ ಹತ್ತೈತಿ. ಡಾಕ್ಟರು ಬಿಡಿಸ್ತೀವಿ ಅಂತಾರ. ನನಗೂ ಅಂಜಿಕಿ ಐತಿ, ನಿಮ್ಮಪ್ಪಗೂ ಐತಿ. ಆದ್ರ ಉಣ್ಣದ ಕುಂತೀ ಅಂದ್ರ ರೋಗಕ್ಕಿಂತ ಮೊದ್ಲ ನನ್ನ ಕೈಯಾಗ ಸಿಗ್ತಿ ನೋಡು! ನನ್ನ ಕನ್ನಡಕಾ ಮುರದಿಯಲ್ಲ, ಜಡಿ ಹಿಡದು ಜಗ್ಗಬೇಕಂದ್ರ ತಲಿ ಮ್ಯಾಲ ಒಂದು ಕೂದ್ಲಾ ಇಲ್ಲ!”

ಮಧುರಾ ಅಪ್ಪನ ಅಂಗಿ ಎಳೆದಳು. “ಅಪ್ಪಾ, ಆಯಿ ತಿರುಗಿ ಬಂದ್ಲು.”

ಆಮೇಲೆ ರೊಟ್ಟಿ ಕೇಳಿದಳು. ಶರಣಪ್ಪ ಎಲ್ಲರೆದುರು ಅತ್ತ. ಮಗಳು ತನ್ನ ರೊಟ್ಟಿಯಲ್ಲೇ ಒಂದು ತುಂಡು ಮುರಿದು ಅವನ ಬಾಯಿಗಿಟ್ಟಳು.

ಅವಳ ಚಿಕಿತ್ಸೆ ಇನ್ನೂ ಮುಗಿದಿಲ್ಲ. ಮುಂದಿನ ಕಾಲದವನಾದರೂ ಅವಳ ಮುಂದಿನದು ನನಗೆ ಗೊತ್ತಿಲ್ಲ. ಈಗ ಅವಳು ಕೇಳುತ್ತಾಳೆ, ಮನೆಯವರು ತಿಳಿದಷ್ಟು ಹೇಳುತ್ತಾರೆ. ತಿಳಿಯದ ದಿನ ಎಲ್ಲರೂ ಒಟ್ಟಿಗೇ ಹೆದರುತ್ತಾರೆ, ಆಮೇಲೆ ಊಟಕ್ಕೆ ಕೂರುತ್ತಾರೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಈ ಕಾಗದ ಮಡಿಚಿಟ್ಟು ಒಳಗೆ ಹೋಗಿ. ಮಗುವಿನ ಮುಂದೆ ಕಣ್ಣು ತುಂಬಿದರೆ ತುಂಬಲಿ. ಕೇಳಿದ್ದಕ್ಕೆ ನಿಜ ಹೇಳಿ. ಮಾತ್ರೆ ಉಗುಳಿದರೆ, ದಯವಿಟ್ಟು, ಮೊದಲಿನ ಹಾಗೇ ಗದರಿ.

ನಿಮ್ಮ ಮರಿಮಕ್ಕಳ ಮರಿಮಗ,
ಫಕೀರಪ್ಪ
ತಂಗುಮನೆ ಓಣಿ