ಕಣ್ಣು ಬರೆದ ದೋಣಿ

ಹೊಸಮನೆಯ ತಂಗಿ ಹೊನ್ನಮ್ಮನಿಗೆ,

ಕಣ್ಣಿನ ಪೊರೆಯ ಆಪರೇಷನ್ ಅಂದ ಕೂಡಲೇ ಫೋನ್ ಇಟ್ಟುಬಿಡುತ್ತೀಯಲ್ಲ ಮಾರಾಯ್ತಿ, ನಾಚಿಕೆ ಇಲ್ಲವೇ ನಿನಗೆ? ಅದಕ್ಕೇ ಮಾಲ್ಟಾ ದ್ವೀಪದಿಂದ ಈ ಕಾರ್ಡು. ನಿನ್ನ ಮೊಮ್ಮಗ ಲೋಹಿತ ಓದಿ ಹೇಳಲಿ.

ಇಲ್ಲಿ ನರ್ಸ್ ಆಗಿರುವ ನಮ್ಮ ಮೈತ್ರಿ ಸಮುದ್ರದಂಚಿನ ಹಳೇ ಕೋಟೆ ತೋರಿಸ್ತೀನಿ ಅಂತ ದೋಣಿ ಹತ್ತಿಸಲು ಹೊರಟಳು. ಇಲ್ಲಿನ ದೋಣಿಗಳ ಮೂತಿಗೆ ಎರಡೂ ಬದಿ ಕಣ್ಣು ಬರೆದಿರುತ್ತಾರೆ. ಕಣ್ಣಿದ್ದ ಮೇಲೆ ಹಣೆ ಬೋಳಾಗಿ ಯಾಕಿರಬೇಕು? ನಿನ್ನ ಕಣ್ಣು ಸರಿಹೋಗಲಿ ಅಂತ ಹರಕೆ ಹೊತ್ತು ನಡುವೆ ಕುಂಕುಮ ಇಟ್ಟೆ. ದೋಣಿಯವನು ಕೂಗಾಡುತ್ತಾ ಬಂದು ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿಬಿಟ್ಟ.

"ಆಯುಧಪೂಜೇಲಿ ನಮ್ಮೂರ ಬಸ್ಸಿಗೇ ಇಡ್ತೀವಿ, ಇವನದೇನು ಹೆಚ್ಚು?" ಅಂದೆ.

"ಸುಮ್ನಿರಜ್ಜಿ, ನಿನ್ನೆ ತಾನೇ ಪೇಂಟ್ ಮಾಡಿದ್ನಂತೆ" ಅಂತ ಮೈತ್ರಿ ನನ್ನನ್ನೇ ಗದರಿದಳು. ಆ ಸಿಟ್ಟಿಗೆ ಕೋಟೆಯ ಕಡೆ ತಿರುಗಿಯೂ ನೋಡಲಿಲ್ಲ.

ದೋಣಿ ಹತ್ತಿ ಇಳಿದು ಮಂಡಿ ಊದಿದೆ. ಮಿಕ್ಕಂತೆ ಗಟ್ಟಿಯಾಗಿದ್ದೀನಿ.

ನಿನಗಾಗಿ ಹೊತ್ತ ಹರಕೆ ಅಳಿಸಿಹೋಯಿತು, ಇನ್ನು ದೇವರ ಮೇಲೆ ಭಾರ ಹಾಕಿ ಕೂರಬೇಡ. ಮರದ ದೋಣಿಗೇ ವರ್ಷಾವರ್ಷ ಕಣ್ಣು ತಿದ್ದಿಸುತ್ತಾರಂತೆ, ನಿನಗೇನು ಬಂದಿದೆ? ಆಪರೇಷನ್ ಮಾಡಿಸಿಕೊಂಡು ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ. ಲೋಹಿತನ ಅಕ್ಷರ ಕಂಡರೆ ಹರಿದು ಹಾಕುತ್ತೀನಿ. ನಿನ್ನ ಕಣ್ಣಲ್ಲೇ ನೋಡಿ, ನಿನ್ನ ಕೈಯಲ್ಲೇ ಬರೆ.

ಅಕ್ಕ ಮಾಸ್ತಮ್ಮ